ಇಂಗ್ಲಿಷ್ ಪದ ಹುಡುಕೋ ಟೂಲ್‌ಗಳು: ನನ್ನ ಜಿಗ್‌ಜಾಗ್ ಪರೀಕ್ಷೆ

ಅಕ್ಕನ ಮಗಳಿಗೆ ಪದಗಳ ಆಟ ಅಂದ್ರೆ ಪ್ರಾಣ. ಒಂದಿನ ಸಂಜೆ ನೋಟ್‌ಬುಕ್ ಹಿಡ್ಕೊಂಡು ಬಂದು "ಚಿಕ್ಕಮ್ಮಾ, ಎರಡು ಝಡ್ ಇರೋ ಇಂಗ್ಲಿಷ್ ಪದ ಹತ್ತು ಬೇಕು, ನಂಗೆ ಆರೇ ಸಿಕ್ಕಿರೋದು" ಅಂದ್ಲು. ಪಿಜ್ಜಾ, ಪಜಲ್, ಬಜ್, ಜಾಜ್, ಡಿಜ್ಜಿ, ಫಿಜ್ಜಿ ಬರ್ಕೊಂಡಿದ್ಲು. ನನ್ನ ಫೋನಲ್ಲಿ ಒಂದು ವರ್ಡ್ ಫೈಂಡರ್ ಆ್ಯಪ್ ಇತ್ತು, ಕ್ರಾಸ್‌ವರ್ಡ್‌ಗೆ ಅಂತ ಯಾವಾಗ್ಲೋ ಹಾಕ್ಕೊಂಡಿದ್ದೆ, ಅದ್ರಲ್ಲಿ ಝಡ್ ಝಡ್ ಅಂತ ಟೈಪ್ ಮಾಡ್ದೆ. ಜೀಬ್ರಾ, ಜೀರೋ, ಲೇಜಿ, ಪ್ರೈಜ್ ಅಂತ ಉದ್ದಕ್ಕೆ ಲಿಸ್ಟ್ ಬಂತು. ಎಲ್ಲದ್ರಲ್ಲೂ ಒಂದೊಂದೇ ಝಡ್. ಎರಡು ಸಲ ಬರೆದಿದ್ದನ್ನ ಅದು ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಸರಿ ಅಂತ ಬ್ರೌಸರ್‌ನಲ್ಲಿ ಸಿಕ್ಕ ಇನ್ನೊಂದು ಸೈಟ್ ತೆಗೆದೆ, ಅಲ್ಲಿ ಬ್ಲಿಜರ್ಡ್, ಡ್ರಿಜಲ್, ಫಜ್ಜಿ, ಗ್ರಿಜ್ಲಿ ಎಲ್ಲಾ ಬಂತು, ಹತ್ತಾಯ್ತು. ಅವ್ಳು ಬರ್ಕೊಳ್ತಾ ಬರ್ಕೊಳ್ತಾ ಪೆನ್ಸಿಲ್ ನಿಲ್ಸಿ ಕೇಳಿದ್ಲು, "ಜಿಗ್‌ಜಾಗ್ ಯಾಕೆ ಬಂದಿಲ್ಲ?"

ಒಳ್ಳೇ ಪ್ರಶ್ನೆ ಅದು. ಜಿಗ್‌ಜಾಗ್‌ನಲ್ಲಿ ಎರಡು ಝಡ್ ಇದಾವೆ, ಆದ್ರೆ ಪಕ್ಕಪಕ್ಕ ಇಲ್ಲ. ಎರಡನೇ ಸೈಟ್ ಪಕ್ಕಪಕ್ಕ ಇರೋದನ್ನ ಮಾತ್ರ ಹುಡುಕ್ತು, ಮೊದಲನೇ ಆ್ಯಪ್ ಎರಡಿದೆ ಅನ್ನೋದನ್ನೇ ಮರೀತು. ನಾವು ಕೇಳಿದ್ದು ಮೂರನೇ ರೀತಿಯ ಪ್ರಶ್ನೆ, ಅದು ಇಬ್ರಿಗೂ ಅರ್ಥ ಆಗ್ಲಿಲ್ಲ. ಅವತ್ತಿಂದ ಈ ಥರದ ಯಾವುದೇ ಟೂಲ್ ಸಿಕ್ರೂ ಮೊದ್ಲು ಜಿಗ್‌ಜಾಗ್ ಸಿಗುತ್ತಾ ಅಂತ ನೋಡ್ತೀನಿ. ಈ ಪರೀಕ್ಷೆ ಇಟ್ಕೊಂಡು ಸುಮಾರು ಟೂಲ್ ನೋಡಿದ ಮೇಲೆ ಬರೀತಿರೋ ರಿವ್ಯೂ ಇದು.

ಮೊದ್ಲು ಒಂದು ವಿಷಯ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇದು ಗೊತ್ತಿಲ್ದೆ ಯಾವ ಟೂಲ್ ತಗೊಂಡ್ರೂ ಕಿರಿಕಿರಿನೇ. "ಈ ಅಕ್ಷರಗಳಿರೋ ಪದ ಕೊಡು" ಅಂತೀವಲ್ಲ, ಅದು ಒಂದು ಪ್ರಶ್ನೆ ಅಲ್ಲ, ಕನಿಷ್ಠ ನಾಲ್ಕು. ಎ, ಆರ್, ಟಿ ಅನ್ನೋ ಮೂರು ಅಕ್ಷರ ತಗೊಳಿ. ಇವಿಷ್ಟನ್ನೇ ಬಳಸಿ ಪದ ಮಾಡ್ಬೇಕು ಅಂದ್ರೆ ಆರ್ಟ್, ರ‍್ಯಾಟ್, ಟಾರ್, ಆ್ಯಟ್ ಅಷ್ಟರಲ್ಲೇ ಹೆಚ್ಚುಕಮ್ಮಿ ಮುಗೀತು. ಇವು ಮೂರೂ ಎಲ್ಲಾದ್ರೂ ಇರ್ಲಿ, ಜೊತೆಗೆ ಬೇರೆ ಅಕ್ಷರ ಎಷ್ಟು ಬೇಕಾದ್ರೂ ಬರ್ಲಿ ಅಂದ್ರೆ ವಾಟರ್, ಟ್ರೇಡ್, ಕಾರ್ಪೆಟ್, ಮೆಟಫರ್ ಅಂತ ಸಾವಿರಾರು. ಇವು ಮೂರೂ ಇದೇ ಕ್ರಮದಲ್ಲಿ ಅಂಟ್ಕೊಂಡು ಬರ್ಬೇಕು ಅಂದ್ರೆ ಪಾರ್ಟಿ, ಸ್ಟಾರ್ಟ್, ಹಾರ್ಟ್, ಅರ್ಥ್, ಕಾರ್ಟನ್. ಕ್ರಮ ಇದೇ ಇರ್ಲಿ ಮಧ್ಯೆ ಬೇರೆ ಅಕ್ಷರ ನುಗ್ಗಿದ್ರೂ ಪರ್ವಾಗಿಲ್ಲ ಅಂದ್ರೆ ಕ್ಯಾರಟ್, ಪ್ಯಾರಟ್, ಏಪ್ರಿಕಾಟ್, ಏರ್‌ಪೋರ್ಟ್ ಕೂಡ ಸೇರ್ಕೊಳ್ಳುತ್ತೆ. ಇದ್ರ ಮೇಲೆ ಐದನೇದು, ಯಾವ ಮನೇಲಿ ಯಾವ ಅಕ್ಷರ ಅನ್ನೋದು, ಕ್ರಾಸ್‌ವರ್ಡ್ ಮತ್ತೆ ವರ್ಡಲ್ (ಐದಕ್ಷರದ ಪದ ಊಹಿಸೋ ಆಟ) ಆಡೋರಿಗೆ ಬೇಕಾಗೋದು ಇದೇ.

ಅಕ್ಷರದ ಬಿಲ್ಲೆ ಜೋಡಿಸಿ ಪದ ಮಾಡೋ ಸ್ಕ್ರಾಬಲ್ ಆಡೋನಿಗೆ ಮೊದಲನೇ ಪ್ರಶ್ನೆ ಮುಖ್ಯ, ಕೈಯಲ್ಲಿ ಏಳು ಬಿಲ್ಲೆ ಇರುತ್ತೆ, ಅಷ್ಟರಲ್ಲೇ ಮಾಡ್ಬೇಕು. ಮಗುಗೆ ಸ್ಪೆಲಿಂಗ್ ಕಲಿಸೋರಿಗೆ ಮೂರನೇದು. ಆದ್ರೆ ಬಹಳಷ್ಟು ಸೈಟ್‌ಗಳಲ್ಲಿ ಇರೋದು ಒಂದೇ ಬಾಕ್ಸ್, ಒಂದೇ ಬಟನ್, ಈ ಐದರಲ್ಲಿ ಯಾವುದನ್ನ ಮಾಡ್ತಾ ಇದೀವಿ ಅಂತ ಎಲ್ಲೂ ಹೇಳೋದಿಲ್ಲ. ಜನ ಏನೋ ಟೈಪ್ ಮಾಡ್ತಾರೆ, ಏನೋ ಬರುತ್ತೆ, ಇಷ್ಟೇ ಪದ ಇರೋದು ಅಂತ ನಂಬ್ಕೊಂಡು ಹೋಗ್ತಾರೆ. ನನಗೆ ಬೇಜಾರಾಗೋದು ಇಲ್ಲೇ. ಉತ್ತರ ತಪ್ಪಾಗಿದ್ರೆ ಕಣ್ಣಿಗೆ ಕಾಣುತ್ತೆ, ಬಿಟ್ಟುಹೋಗಿರೋ ಪದ ಕಾಣೋದಿಲ್ಲ. ಆ ಹುಡುಗಿಗೆ ಜಿಗ್‌ಜಾಗ್ ಮೊದ್ಲೇ ಗೊತ್ತಿತ್ತು, ಅದ್ಕೆ ಸಿಕ್ಕಿಬಿತ್ತು.

ಈಗ ಆ ಆ್ಯಪ್ ವಿಚಾರ, ಹೆಸರು ಬೇಡ. ಪ್ರತೀ ಎರಡು ಸರ್ಚ್‌ಗೆ ಒಂದು ಫುಲ್ ಸ್ಕ್ರೀನ್ ಆಡ್, ಮೂಲೇಲಿರೋ ಸಣ್ಣ ಕ್ರಾಸ್ ಹುಡುಕೋದೇ ಒಂದು ಕೆಲಸ. ಪದ ಹುಡುಕೋಕೆ ಲೊಕೇಶನ್ ಪರ್ಮಿಷನ್ ಯಾಕೆ ಬೇಕು ಅಂತ ಇವತ್ತಿಗೂ ನಂಗೆ ಅರ್ಥ ಆಗಿಲ್ಲ, ಕೇಳ್ತು, ಕೊಡ್ಲಿಲ್ಲ. ಯಾವ ಡಿಕ್ಷನರಿಯಿಂದ ಪದ ತಗೊಂಡಿದೀವಿ ಅಂತ ಎಲ್ಲೂ ಬರೆದಿಲ್ಲ. ಅರ್ಥ ನೋಡೋಣ ಅಂತ ಪದದ ಮೇಲೆ ಒತ್ತಿದ್ರೆ ದುಡ್ಡು ಕೊಟ್ಟು ಪ್ರೀಮಿಯಂ ತಗೊಳಿ ಅನ್ನುತ್ತೆ. ಅವತ್ತೇ ತೆಗೆದುಹಾಕ್ದೆ. ಆಡ್ಸ್ ಇದ್ರೂ ಕೆಲಸ ಸರಿಯಾಗಿ ಮಾಡಿದ್ರೆ ಸಹಿಸ್ಕೋತಿದ್ದೆ, ಎರಡು ಝಡ್ ಕೇಳಿದ್ರೆ ಒಂದು ಝಡ್ ಕೊಡೋದನ್ನ ಸಹಿಸೋಕಾಗ್ಲಿಲ್ಲ.

ಯಾಕೆ ಹಂಗಾಗುತ್ತೆ ಅಂತ ಆಮೇಲೆ ಯೋಚ್ನೆ ಮಾಡ್ದೆ, ಸ್ವಲ್ಪ ಪ್ರೋಗ್ರಾಮಿಂಗ್ ಗೊತ್ತಿರೋದ್ರಿಂದ ಒಂದು ಊಹೆ ಇದೆ. ಇಂಗ್ಲಿಷಲ್ಲಿ ಅಕ್ಷರ 26, ಹಾಗಾಗಿ ಒಂದು ಪದದಲ್ಲಿ ಯಾವ್ಯಾವ ಅಕ್ಷರ ಇದೆ ಅನ್ನೋದನ್ನ 26 ಸ್ವಿಚ್ ಥರ ಇಟ್ಕೋಬಹುದು, ಇದ್ರೆ ಆನ್ ಇಲ್ದಿದ್ರೆ ಆಫ್, ಎಲ್ಲಾ ಸೇರಿ ಒಂದು ಚಿಕ್ಕ ನಂಬರ್‌ನಲ್ಲಿ ಕೂತ್ಕೊಳ್ಳುತ್ತೆ. ಹೋಲಿಕೆ ಮಾಡೋಕೆ ಭಾರೀ ವೇಗ. ಆದ್ರೆ ಸ್ವಿಚ್ ಅಂದ್ಮೇಲೆ ಆನ್ ಇಲ್ಲಾ ಆಫ್, ಎರಡು ಸಲ ಆನ್ ಅನ್ನೋದು ಇಲ್ಲವಲ್ಲ. ಝಡ್ ಒಂದಿದ್ರೂ ಆನ್, ನಾಲ್ಕಿದ್ರೂ ಆನ್. ಬಹುಶಃ ಆ ಆ್ಯಪ್ ಇದನ್ನೇ ಮಾಡಿ ಅಲ್ಲಿಗೇ ಬಿಟ್ಟಿರ್ಬೇಕು, ಆಮೇಲೆ ಎಣಿಸಿ ನೋಡೋ ಇನ್ನೊಂದು ಹೆಜ್ಜೆ ಹಾಕಿದ್ರೆ ಸಾಕಿತ್ತು, ಹಾಕಿಲ್ಲ.

ಸ್ಕ್ರಾಬಲ್ ಥರದ ಪ್ರಶ್ನೆಗೆ ಇದಕ್ಕಿಂತ ಚೆಂದದ ಉಪಾಯ ಇದೆ, ಇದನ್ನ ಮೊದಲ ಸಲ ತಿಳ್ಕೊಂಡಾಗ ನಂಗೆ ಆದ ಖುಷಿ ಇನ್ನೂ ನೆನಪಿದೆ. ಪದದ ಅಕ್ಷರಗಳನ್ನ ವರ್ಣಮಾಲೆ ಕ್ರಮದಲ್ಲಿ ಜೋಡಿಸಿಬಿಡೋದು, ಅಷ್ಟೇ. ರೆಟಿನಾಸ್ ಅನ್ನೋ ಪದ ತಗೊಂಡ್ರೆ ಎ, ಇ, ಐ, ಎನ್, ಆರ್, ಎಸ್, ಟಿ ಆಗುತ್ತೆ. ಇದಕ್ಕೆ ಆಲ್ಫಾಗ್ರಾಮ್ ಅಂತಾರೆ. ನಾಸ್ಟಿಯರ್ ತಗೊಳಿ, ರಿಟೇನ್ಸ್ ತಗೊಳಿ, ಸ್ಟೇನರ್ ತಗೊಳಿ, ರೆಟ್ಸೀನಾ ತಗೊಳಿ, ಎಲ್ಲದಕ್ಕೂ ಇದೇ ಆಲ್ಫಾಗ್ರಾಮ್. ಅಂದ್ರೆ ಡಿಕ್ಷನರಿಯ ಎಲ್ಲಾ ಪದಗಳನ್ನೂ ಹಿಂಗೆ ಒಂದು ಸಲ ಜೋಡಿಸಿಟ್ಕೊಂಡ್ರೆ ಒಂದೇ ಅಕ್ಷರದ ಬಳಗ ಎಲ್ಲಾ ಒಂದೇ ಬಾಗಿಲಲ್ಲಿ ಬಂದು ನಿಲ್ಲುತ್ತೆ. ಬೇರೆಬೇರೆ ಏಳು ಅಕ್ಷರ ಕೊಟ್ಟು ಸಾಲಾಗಿ ಜೋಡಿಸ್ತಾ ಹೋದ್ರೆ, ಒಂದಕ್ಷರದ್ದು ಎರಡಕ್ಷರದ್ದು ಎಲ್ಲಾ ಸೇರಿ, 13,699 ಜೋಡಣೆ ಆಗುತ್ತೆ, ಆದ್ರೆ ಆಲ್ಫಾಗ್ರಾಮ್ ಲೆಕ್ಕದಲ್ಲಿ ಬರೀ 127 ಬಾಗಿಲು ತಟ್ಟಿದ್ರೆ ಮುಗೀತು. ಟ್ರಯಾಂಗಲ್ ಅನ್ನೋ ಪದದ ಬಾಗಿಲು ತಟ್ಟಿ ನೋಡಿ, ಇಂಟೆಗ್ರಲ್, ರಿಲೇಟಿಂಗ್, ಆಲ್ಟರಿಂಗ್, ಅಲರ್ಟಿಂಗ್ ಎಲ್ಲಾ ಆಚೆ ಬರ್ತಾವೆ. ಗಣಿತದ ಟೀಚರ್‌ಗಳು ಈ ತ್ರಿಕೋನ ಮತ್ತೆ ಇಂಟೆಗ್ರಲ್ ಜೋಡಿನ ಕ್ಲಾಸಲ್ಲಿ ಹೇಳ್ಬೇಕು, ಮಕ್ಕಳು ಕಣ್ಣರಳಿಸಿ ಕೂರ್ತಾರೆ.

ಈಗ ನಾನು ದಿನಾ ಬಳಸೋದಕ್ಕೆ ಬರ್ತೀನಿ, ಒನ್‌ಲುಕ್. 1996ರಿಂದ ಇರೋ ಸೈಟ್, ಪೂರ್ತಿ ಫ್ರೀ. ಅದು ತಾನೇ ಒಂದು ಡಿಕ್ಷನರಿ ಅಲ್ಲ, ಬೇರೆಬೇರೆ ಡಿಕ್ಷನರಿಗಳಲ್ಲಿ ಯಾವ ಪದ ಎಲ್ಲಿದೆ ಅಂತ ತೋರಿಸೋ ಸೂಚಿ ಥರ. ನೋಡೋಕೆ ಸಾದಾ, ಒಂದೇ ಬಾಕ್ಸ್, ಆದ್ರೆ ಆ ಬಾಕ್ಸ್‌ನಲ್ಲಿ ಏನು ಬರೀಬಹುದು ಅಂತ ಗೊತ್ತಾದ್ರೆ ಮೇಲೆ ಹೇಳಿದ ಐದೂ ಪ್ರಶ್ನೆ ಅಲ್ಲೇ ಕೇಳ್ಬಹುದು, ಯಾವ ಪ್ರಶ್ನೆ ಕೇಳ್ತಿದೀವಿ ಅನ್ನೋದು ನಾವು ಹಾಕೋ ಚಿಹ್ನೆಯಲ್ಲೇ ಇರುತ್ತೆ. ನಕ್ಷತ್ರ ಚಿಹ್ನೆ * ಅಂದ್ರೆ ಎಷ್ಟು ಅಕ್ಷರ ಬೇಕಾದ್ರೂ, ಸೊನ್ನೆ ಆದ್ರೂ ಸರಿ. ಪ್ರಶ್ನೆ ಚಿಹ್ನೆ ? ಅಂದ್ರೆ ಸರಿಯಾಗಿ ಒಂದು ಅಕ್ಷರ. ನಕ್ಷತ್ರ, ಝಡ್, ನಕ್ಷತ್ರ, ಝಡ್, ನಕ್ಷತ್ರ ಅಂತ ಹಾಕಿದ್ರೆ ಪಿಜ್ಜಾನೂ ಬರುತ್ತೆ ಪಜಲೂ ಬರುತ್ತೆ ಜಿಗ್‌ಜಾಗೂ ಬರುತ್ತೆ. ಪಾಸ್.

ನಂಗೆ ತುಂಬಾ ಇಷ್ಟ ಆಗಿದ್ದು ಇನ್ನೆರಡು ಚಿಹ್ನೆ, @ ಹಾಕಿದ್ರೆ ಸ್ವರ, # ಹಾಕಿದ್ರೆ ವ್ಯಂಜನ. ಬಿ, @, ಟಿ ಅಂತ ಕೊಡಿ, ಬ್ಯಾಟ್, ಬೆಟ್, ಬಿಟ್, ಬಾಟ್, ಬಟ್, ಐದು ಸ್ವರಕ್ಕೂ ಒಂದೊಂದು ಪದ. ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಸ್ವರ ಹೇಳಿಕೊಡೋಕೆ ಇದಕ್ಕಿಂತ ಒಳ್ಳೇ ಸಾಲು ಬೇಕಾ. ನಮ್ಮ ಕಾಗುಣಿತದಲ್ಲಿ ಕ ಕಾ ಕಿ ಕೀ ಅಂತ ಒಂದೇ ವ್ಯಂಜನನ ಸ್ವರದ ಮೇಲೆ ಹತ್ತಿಸಿ ಇಳಿಸ್ತೀವಲ್ಲ, ಅದೇ ಥರ ಕೂತು ಹೇಳಿಸ್ಬಹುದು. ನಾನು ಅವ್ಳ ಹತ್ರ ಎಚ್, @, ಟಿ ಮಾಡಿಸ್ದೆ, ಹ್ಯಾಟ್ ಹಿಟ್ ಹಾಟ್ ಹಟ್ ಅಂತ ಹೇಳಿ ಮುಂದಿನದಕ್ಕೆ ಅವ್ಳೇ ಓಡಿದ್ಲು.

ಎರಡು ಓರೆ ಗೆರೆ // ಹಾಕಿ ಅಕ್ಷರ ಕೊಟ್ರೆ ಅವನ್ನ ಕಲಸಿ ಪದ ಮಾಡಿಕೊಡುತ್ತೆ, ಅದು ಅನಾಗ್ರಾಮ್ ಕೆಲಸ. ಪ್ಲಸ್ ಹಾಕಿ ಅಕ್ಷರ ಬರೆದ್ರೆ ಇವಿಷ್ಟರಲ್ಲೇ ಆಗೋ ಪದ. ಮೈನಸ್ ಹಾಕಿದ್ರೆ ಈ ಅಕ್ಷರ ಬೇಡ. ವರ್ಡಲ್ ಆಡೋರಿಗೆ ಈ ಮೈನಸ್ಸೇ ಜೀವ: ಪ್ರಶ್ನೆ ಚಿಹ್ನೆ, ಆರ್, ಮೂರು ಪ್ರಶ್ನೆ ಚಿಹ್ನೆ, ಆಮೇಲೆ ಮೈನಸ್ ಎ ಎಸ್ ಟಿ ಅಂತ ಕೊಟ್ರೆ ಎರಡನೇ ಮನೇಲಿ ಆರ್ ಇರೋ, ಆ ಮೂರು ಅಕ್ಷರ ಇಲ್ದೇ ಇರೋ ಐದಕ್ಷರದ ಪದಗಳು, ಕ್ರೌಡ್, ಡ್ರಿಂಕ್, ಪ್ರೌಡ್, ಬ್ರಿಂಗ್ ಥರದವು. ಇನ್ನು ಕಾಮಾ. ಕಾಮಾ ಹಾಕಿ ಎರಡ್ಮೂರು ಷರತ್ತು ಒಟ್ಟಿಗೆ ಹಾಕ್ಬಹುದು, ಹಾಗಾಗಿ ಎ, ಆರ್, ಟಿ ಮೂರೂ ಎಲ್ಲಾದ್ರೂ ಇರ್ಲಿ ಅನ್ನೋ ಎರಡನೇ ಪ್ರಶ್ನೆಗೆ ಒಂದೊಂದು ಅಕ್ಷರದ ಆಚೆ ಈಚೆ ನಕ್ಷತ್ರ ಹಾಕಿ ಮಧ್ಯೆ ಕಾಮಾ ಕೊಟ್ರೆ ಆಯ್ತು. ಸ್ವಲ್ಪ ಉದ್ದ ಟೈಪಿಂಗು, ಹೌದು. ಮೊದಲನೇ ಸಲ ನೋಡಿದೋರಿಗೆ ಇದೇನಪ್ಪಾ ಅನ್ನಿಸ್ಬಹುದು, ಎರಡು ದಿನ ಬಳಸಿದ್ರೆ ಕೈಗೆ ಕೂತ್ಬಿಡುತ್ತೆ.

ಕೊನೇದು, ಇದು ಬೇರೆ ಕಡೆ ಇಷ್ಟು ಸಲೀಸಾಗಿ ನಾನು ಕಂಡಿಲ್ಲ: ಅಕ್ಷರದ ನಮೂನೆ ಬರೆದು ಕೋಲನ್ ಹಾಕಿ ಅರ್ಥದ ಸುಳಿವು ಕೊಡೋದು. ನಕ್ಷತ್ರ, ಝಡ್ ಝಡ್, ನಕ್ಷತ್ರ, ಕೋಲನ್, ರೇನ್ ಅಂತ ಕೊಡಿ, ಮಳೆಗೆ ಸಂಬಂಧಪಟ್ಟ ಎರಡು ಝಡ್ ಇರೋ ಪದ ಬೇಕು ಅಂತ ಅರ್ಥ, ಡ್ರಿಜಲ್ ಸಿಗುತ್ತೆ. ಕ್ರಾಸ್‌ವರ್ಡ್ ಮಾಡೋರಿಗೆ ಇದು ವರ. ನಾಲ್ಕು ಅಕ್ಷರ ಗೊತ್ತಿರುತ್ತೆ, ಕ್ಲೂ ಗೊತ್ತಿರುತ್ತೆ, ಪದ ನಾಲಿಗೆ ತುದೀಲಿ ನಿಂತಿರುತ್ತೆ, ಬರಲ್ಲ.

ಒಂದು ಎಚ್ಚರಿಕೆ ಇದೆ. ಒನ್‌ಲುಕ್ ಅಷ್ಟೊಂದು ಡಿಕ್ಷನರಿಗಳ ಸೂಚಿ ಆಗಿರೋದ್ರಿಂದ ಹೆಸರುಗಳು, ನುಡಿಗಟ್ಟುಗಳು ಎಲ್ಲಾ ಬರುತ್ತೆ, ಅದ್ರ ಕೆಲಸನೇ ಅದು. ಸ್ಕ್ರಾಬಲ್‌ನಲ್ಲಿ ಈ ಪದ ನಡೆಯುತ್ತಾ ಅನ್ನೋದಕ್ಕೆ ಅದನ್ನ ಪ್ರಮಾಣ ಅಂತ ಇಟ್ಕೋಬೇಡಿ. ಸ್ಕ್ರಾಬಲ್‌ಗೆ ಬೇರೆ ಲಿಸ್ಟೇ ಇದೆ, ಒಂದಲ್ಲ ಎರಡು. ಉತ್ತರ ಅಮೆರಿಕದಲ್ಲಿ ಒಂದು, ಇಂಗ್ಲಿಷಲ್ಲಿ ಆಡೋ ಬೇರೆ ಬಹಳಷ್ಟು ಕಡೆ ಕಾಲಿನ್ಸ್ ಲಿಸ್ಟ್. ಕಾಲಿನ್ಸ್ 2019ರ ಲಿಸ್ಟಲ್ಲಿ 2,79,496 ಪದ, ಅಮೆರಿಕದ್ದು ಅದಕ್ಕಿಂತ ಬಹಳ ಚಿಕ್ಕದು, ಎರಡು ಲಕ್ಷ ಮುಟ್ಟಲ್ಲ. ಎರಡಕ್ಷರದ ಪದಗಳೇ ಕಾಲಿನ್ಸ್‌ನಲ್ಲಿ 127, ಆ ಕಡೆ 107. ಹಾಗಾಗಿ ಒಂದು ಟೂಲ್ "ಈ ಪದ ಸರಿ" ಅಂದ್ರೆ ಯಾವ ಲಿಸ್ಟ್ ಪ್ರಕಾರ ಸರಿ ಅಂತ ಕೇಳ್ಲೇಬೇಕು. ಲಿಸ್ಟ್ ಆರಿಸ್ಕೊಳ್ಳೋಕೆ ಬಿಡದೇ ಇರೋ ಸ್ಕ್ರಾಬಲ್ ಟೂಲ್‌ನ ನಾನು ಎರಡನೇ ಸಲ ತೆಗೆಯಲ್ಲ.

ಸ್ಕ್ರಾಬಲ್ ಗಂಭೀರವಾಗಿ ಆಡೋರು ಬಳಸೋದು ಝಿಝಿವಾ ಅನ್ನೋ ಸಾಫ್ಟ್‌ವೇರ್. ಹೆಸರು ಒಂದು ಜಾತಿಯ ಮೂತಿಹುಳದ್ದು, ಆ ಪದದಲ್ಲೇ ಮೂರು ಝಡ್ ಇದೆ! ಇದನ್ನ ಮೆಚ್ಕೊಂಡಿದ್ದು ಯಾಕಂದ್ರೆ ಇದ್ರಲ್ಲಿ ಅನಾಗ್ರಾಮ್, ಸಬ್‌ಅನಾಗ್ರಾಮ್ (ಕೊಟ್ಟ ಅಕ್ಷರಗಳಲ್ಲಿ ಕೆಲವನ್ನಷ್ಟೇ ಬಳಸಿದ್ರೂ ಸರಿ), ಪ್ಯಾಟರ್ನ್, ಇನ್‌ಕ್ಲೂಡ್ಸ್ ಲೆಟರ್ಸ್ ಅಂತ ಬೇರೆಬೇರೆ ಆಯ್ಕೆ ಬೇರೆಬೇರೆಯಾಗೇ ಇದೆ. ಅಂದ್ರೆ ಅದನ್ನ ಬರೆದೋರು ಇದು ಒಂದು ಪ್ರಶ್ನೆ ಅಲ್ಲ ಅಂತ ಅರ್ಥ ಮಾಡ್ಕೊಂಡೇ ಕೂತಿದ್ದಾರೆ. ನೋಡೋಕೆ ಹಳೇ ಕಾಲದ ಸಾಫ್ಟ್‌ವೇರ್ ಥರ, ಸುಮ್ನೆ ಒಂದು ಪದ ನೋಡೋಣ ಅನ್ನೋರಿಗೆ ಭಾರ ಆಗುತ್ತೆ. ಆದ್ರೆ ಕ್ಯೂ ಇದ್ದು ಯು ಇಲ್ಲದ ಪದಗಳ ಪಟ್ಟಿ ಕಲೀಬೇಕು ಅನ್ನೋ ಹಠ ಇರೋರಿಗೆ ಇದೇ ಸರಿ. ಆ ಪಟ್ಟಿನೇ ಎಷ್ಟು ಚೆಂದ ಗೊತ್ತಾ, ಫಕೀರ್, ನಿಖಾಬ್, ತಲಾಖ್, ಕವ್ವಾಲಿ, ಕನಾತ್, ನಮಗೆ ಕೇಳಿ ಗೊತ್ತಿರೋ ಪದಗಳೇ ಇಂಗ್ಲಿಷ್ ಬಟ್ಟೆ ಹಾಕ್ಕೊಂಡು ಕೂತಿರ್ತಾವೆ. 2006ರಲ್ಲಿ ಕ್ಯೂ ಐ ಅನ್ನೋ ಎರಡಕ್ಷರದ ಪದ ಒಪ್ಪಿಕೊಂಡ ಮೇಲಂತೂ ಕ್ಯೂ ಕೈಗೆ ಬಂದ್ರೆ ಹೆದರೋ ಕಾಲ ಹೋಯ್ತು, ಹತ್ತು ಪಾಯಿಂಟ್ ಬಿಲ್ಲೆ ಅದು.

ಇನ್ನು ನನ್ನ ಅಚ್ಚುಮೆಚ್ಚಿನದು, ಇದಕ್ಕೆ ಸೈಟೂ ಬೇಡ ಆ್ಯಪೂ ಬೇಡ ಇಂಟರ್ನೆಟ್ಟೂ ಬೇಡ. ಮ್ಯಾಕ್ ಕಂಪ್ಯೂಟರ್‌ನಲ್ಲಿ ಒಂದು ಪದಗಳ ಫೈಲ್ ಮೊದಲೇ ಇರುತ್ತೆ, ಲಿನಕ್ಸ್‌ನಲ್ಲೂ ಅಂಥದ್ದೇ ಇರುತ್ತೆ ಇಲ್ಲಾ ಹಾಕ್ಕೋಬಹುದು, ಗ್ರೆಪ್ ಅನ್ನೋ ಕಮಾಂಡ್‌ನಲ್ಲಿ ಅದ್ರೊಳಗೆ ಹುಡುಕೋದು. ಗ್ರೆಪ್ 1970ರ ದಶಕದಲ್ಲಿ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಜೊತೆ ಬಂದಿದ್ದು, ಕೆನ್ ಥಾಂಪ್ಸನ್ ಬರೆದಿದ್ದು. ಅಲ್ಲಿ ಒಂದು ಚುಕ್ಕೆ ಅಂದ್ರೆ ಯಾವುದಾದ್ರೂ ಒಂದು ಅಕ್ಷರ, ಚುಕ್ಕೆ ನಕ್ಷತ್ರ ಅಂದ್ರೆ ಎಷ್ಟಾದ್ರೂ. ಝಡ್, ಚುಕ್ಕೆ, ನಕ್ಷತ್ರ, ಝಡ್ ಅಂತ ಕೊಟ್ರೆ ಎಂಟರ್ ಒತ್ತೋದೇ ತಡ ಜಿಗ್‌ಜಾಗ್ ಬಂದು ನಿಂತಿರುತ್ತೆ. ಎ, ಆರ್, ಟಿ ಮೂರೂ ಇರ್ಬೇಕಾದ್ರೆ ಮೂರು ಗ್ರೆಪ್‌ನ ಒಂದರ ಬಾಲಕ್ಕೆ ಒಂದು ಪೈಪ್ ಹಾಕಿ ಕಟ್ಟೋದು, ಜರಡಿ ಮೇಲೆ ಜರಡಿ ಇಟ್ಟ ಹಂಗೆ, ಮೊದಲನೇದು ಎ ಇಲ್ಲದ್ದನ್ನ ಆಚೆ ಹಾಕುತ್ತೆ, ಎರಡನೇದು ಆರ್ ಇಲ್ಲದ್ದನ್ನ, ಮೂರನೇದು ಟಿ ಇಲ್ಲದ್ದನ್ನ. ಆಡ್ಸ್ ಇಲ್ಲ, ಪರ್ಮಿಷನ್ ಇಲ್ಲ, ಏನು ನಡೀತಿದೆ ಅಂತ ಪ್ರತೀ ಹೆಜ್ಜೆ ನಮ್ಮ ಕೈಯಲ್ಲೇ. ಟರ್ಮಿನಲ್ (ಈ ಕಮಾಂಡ್ ಟೈಪ್ ಮಾಡೋ ಕಿಟಕಿ) ಅಂದ್ರೆ ಹೆದರೋರು ಬಹಳ ಜನ, ಈ ಒಂದು ಕೆಲಸಕ್ಕೋಸ್ಕರ ಆದ್ರೂ ಒಂದು ಸಲ ತೆಗೀರಿ ಅಂತ ನಾನು ಕೇಳ್ಕೊಳ್ತೀನಿ.

ಆದ್ರೆ ಮ್ಯಾಕ್‌ನಲ್ಲಿರೋ ಆ ಫೈಲ್ ಬಗ್ಗೆ ತಿಳ್ಕೊಂಡಿರ್ಬೇಕು. ಅದು 1934ರ ವೆಬ್‌ಸ್ಟರ್ ಡಿಕ್ಷನರಿಯ ಎರಡನೇ ಇಂಟರ್‌ನ್ಯಾಷನಲ್ ಆವೃತ್ತಿಯಿಂದ ಬಂದಿರೋದು, ಸುಮಾರು 2.35 ಲಕ್ಷ ಪದ. ಯಾರೂ ಮಾತಾಡದ ಹಳೇ ಪದಗಳು ರಾಶಿ ರಾಶಿ, ಆಮೇಲೆ ಬಂದ ಪದಗಳು ಇಲ್ಲ, ಬಹುವಚನ ರೂಪಗಳಂತೂ ಬಹುತೇಕ ಇಲ್ವೇ ಇಲ್ಲ. ಕ್ಯಾಟ್ ಇರುತ್ತೆ, ಕ್ಯಾಟ್ಸ್ ಹುಡುಕಿದ್ರೆ ಸಿಗದೇ ಹೋಗ್ಬಹುದು. ಅದಕ್ಕೆ ನಾನು ಎನೇಬಲ್ ಅನ್ನೋ ಲಿಸ್ಟ್ ಇಳಿಸ್ಕೊಂಡು ಇಟ್ಕೊಂಡಿದೀನಿ, ಸುಮಾರು 1.73 ಲಕ್ಷ ಪದ, ಯಾರು ಬೇಕಾದ್ರೂ ಬಳಸ್ಬಹುದು, ಪದದಾಟಗಳಿಗೆ ಅಂತಲೇ ಮಾಡಿರೋದ್ರಿಂದ ಬಹುವಚನ, ಕ್ರಿಯಾಪದದ ರೂಪಗಳು ಎಲ್ಲಾ ಇದೆ.

ಹುಡುಕೋರಿಗೆ ಒಂದು ಮಾತು, ಯಾವ ಟೂಲ್ ಆದ್ರೂ ಸರಿ, ಅಪರೂಪದ ಅಕ್ಷರ ಮೊದ್ಲು ಹಾಕಿ. ಇ, ಎ, ಟಿ ಅಂತ ಕೊಟ್ರೆ ಸಾವಿರಾರು ಪದ ಸುರಿಯುತ್ತೆ, ಓದೋಕೇ ಆಗಲ್ಲ. ಕ್ಯೂ, ಝಡ್, ಜೆ, ಎಕ್ಸ್ ಇದ್ರೆ ಅದ್ರಿಂದ ಶುರು ಮಾಡಿ. ಸ್ಕ್ರಾಬಲ್ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಪತ್ರಿಕೆಗಳ ಪುಟದಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿ ಬಿಲ್ಲೆ ಲೆಕ್ಕ ಹಾಕಿದ್ದು, ಅದಕ್ಕೇ ಇಂಗ್ಲಿಷ್ ಸೆಟ್‌ನ 100 ಬಿಲ್ಲೆಯಲ್ಲಿ ಇ 12 ಇದೆ, ಕ್ಯೂ ಝಡ್ ಜೆ ಎಕ್ಸ್ ಒಂದೊಂದೇ. ಆ ಲೆಕ್ಕ ಹುಡುಕಾಟಕ್ಕೂ ಹಂಗೇ ಹೊಂದುತ್ತೆ.

ಇದೆಲ್ಲಾ ಮೋಸ ಅಲ್ವಾ ಅಂತ ಕೇಳೋರಿದಾರೆ. ಎದುರಿಗೆ ಒಬ್ರು ಕೂತು ಆಡ್ತಿರುವಾಗ ಟೇಬಲ್ ಕೆಳಗೆ ಫೋನ್ ಹಿಡ್ಕೊಂಡು ಹುಡುಕೋದು ಮೋಸವೇ, ಅದ್ರಲ್ಲಿ ಎರಡು ಮಾತಿಲ್ಲ. ವರ್ಡಲ್‌ನಲ್ಲೂ ನಾನು ಅವತ್ತಿನ ಆಟ ಮುಗಿಯೋವರೆಗೂ ಯಾವ ಟೂಲೂ ತೆಗೆಯಲ್ಲ, ಮುಗಿದ ಮೇಲೆ ಮೂರನೇ ಸಾಲಲ್ಲಿ ನನ್ನ ಮುಂದೆ ಇನ್ನೆಷ್ಟು ಪದ ಉಳಿದಿತ್ತು ಅಂತ ನೋಡ್ತೀನಿ, ಅಲ್ಲಿ ಕಲಿಯೋದು ಜಾಸ್ತಿ. ವರ್ಡಲ್ ಶುರುವಾದಾಗ ಉತ್ತರದ ಪಟ್ಟಿಲಿ ಇದ್ದಿದ್ದು ಸುಮಾರು 2,300 ಪದ ಮಾತ್ರ, ಊಹೆ ಅಂತ ಒಪ್ಕೊಳ್ತಿದ್ದಿದ್ದು ಸುಮಾರು 13,000, ಹಾಗಾಗಿ ಟೂಲ್ ಕೊಡೋ ಉದ್ದ ಲಿಸ್ಟ್‌ನಲ್ಲಿ ಮುಕ್ಕಾಲುಪಾಲು ಉತ್ತರ ಆಗೋ ಪದಗಳೇ ಅಲ್ಲ. ಕ್ರಾಸ್‌ವರ್ಡ್ ಮಾತ್ರ ಬೇರೆ, ಅದು ನಾನೊಬ್ಳೇ ಕೂತು ಮಾಡೋದು, ಇಪ್ಪತ್ತು ನಿಮಿಷ ತಲೆ ಕೆಡಿಸ್ಕೊಂಡ ಮೇಲೂ ಬರ್ಲಿಲ್ಲ ಅಂದ್ರೆ ಹುಡುಕ್ತೀನಿ, ಸಿಕ್ಕಿದ ಪದದ ಅರ್ಥ ಓದ್ತೀನಿ.

ನನ್ನ ಪ್ರಕಾರ ಈ ಟೂಲ್‌ಗಳ ದೊಡ್ಡ ಉಪಯೋಗ ಆಟದಲ್ಲಿ ಅಲ್ಲ, ಸ್ಪೆಲಿಂಗ್‌ನಲ್ಲಿ. ಕನ್ನಡದಲ್ಲಿ ಬರೆದಂಗೆ ಓದ್ತೀವಿ, ಓದಿದಂಗೆ ಬರೀತೀವಿ, ಹೆಚ್ಚುಕಮ್ಮಿ. ಅಲ್ಲಿಂದ ಬಂದ ಮಗುಗೆ ಇಂಗ್ಲಿಷ್ ಸ್ಪೆಲಿಂಗ್ ಅನ್ನೋದು ಅನ್ಯಾಯ ಅನ್ಸುತ್ತೆ, ಅನ್ಸೋದು ಸಹಜ. ಓ, ಯು, ಜಿ, ಎಚ್ ಈ ನಾಲ್ಕು ಅಕ್ಷರ ಒಟ್ಟಿಗಿರೋ ಪದ ಹುಡುಕಿ ನೋಡಿ. ದೋ, ಥ್ರೂ, ಟಫ್, ಕಾಫ್, ಬೌ, ಥಾಟ್, ಅದೇ ನಾಲ್ಕು ಅಕ್ಷರ, ಆರು ಪದದಲ್ಲಿ ಆರು ಸದ್ದು. ಒಂದೊಂದನ್ನೇ ಬೇರೆಬೇರೆ ದಿನ ಕಲಿತ್ರೆ ಪ್ರತೀ ಸಲ ಗೊಂದಲ, ಎಲ್ಲಾ ಒಂದೇ ಪುಟದಲ್ಲಿ ಕಣ್ಣಮುಂದೆ ಬಂದಾಗ ಓ ಇದೊಂದು ಗುಂಪು ಅಂತ ತಲೇಲಿ ಕೂತ್ಕೊಳ್ಳುತ್ತೆ. ಹಂಗೇ ಕೊನೇಲಿ ಎಂ ಬಿ ಬರೋ ಪದ: ಲ್ಯಾಮ್, ಕೋಮ್, ಥಮ್, ಕ್ಲೈಮ್, ಬಾಮ್, ಯಾವುದ್ರಲ್ಲೂ ಬಿ ಬಾಯಿಗೆ ಬರಲ್ಲ. ನಾವು ಬಾಂಬ್ ಅಂತ ಬಿ ಒತ್ತಿ ಹೇಳ್ತೀವಲ್ಲ, ಅವ್ಳು ಅದನ್ನ ಕೇಳಿ ಹತ್ತು ನಿಮಿಷ ನನ್ನ ಜೊತೆ ವಾದ ಮಾಡಿದ್ಲು. ಆಮೇಲೆ ಶುರುವಲ್ಲಿ ಕೆ ಎನ್ ಬರೋದು, ಪಿ ಎಸ್ ಬರೋದು, ಎಲ್ಲಾ ಅವ್ಳೇ ಹುಡುಕಿ ಒಂದೊಂದು ಪುಟ ಮಾಡ್ಕೊಂಡಿದಾಳೆ.

ಈ ಥರ ಕಲಿಸೋಕೆ ಟೂಲ್ ಹೆಂಗಿರ್ಬೇಕು ಅಂದ್ರೆ ಪದದ ಮೇಲೆ ಒತ್ತಿದ ಕೂಡ್ಲೇ ಅರ್ಥ ಬರ್ಬೇಕು, ಉಚ್ಚಾರ ಕೇಳಿಸೋ ಕಡೆ ದಾರಿ ಇರ್ಬೇಕು, ಬಳಕೇಲಿರೋ ಪದ ಮೇಲೆ ಬಂದು ಅಪರೂಪದ್ದು ಕೆಳಗೆ ಹೋಗ್ಬೇಕು. ಬರೀ ಅಕ್ಷರದ ಕ್ರಮದಲ್ಲಿ ಸುರಿಯೋ ಸೈಟ್‌ಗಳಲ್ಲಿ ಮಗು ಮೊದಲ ಪುಟದಲ್ಲೇ ಯಾರಿಗೂ ಬೇಡದ ಇಪ್ಪತ್ತು ಪದ ನೋಡಿ ಮುಚ್ಚಿಡುತ್ತೆ. ಈ ವಿಷಯದಲ್ಲಿ ಒನ್‌ಲುಕ್ ಮುಂದೆ, ಅರ್ಥಕ್ಕೆ ಡಿಕ್ಷನರಿಗಳ ಲಿಂಕ್ ಅಲ್ಲೇ ಇರುತ್ತೆ. ಗ್ರೆಪ್‌ನಲ್ಲಿ ಅರ್ಥ ಇಲ್ಲ, ಪಕ್ಕದಲ್ಲಿ ಒಂದು ಡಿಕ್ಷನರಿ ಇಟ್ಕೊಂಡೇ ಕೂರ್ಬೇಕು.

ಅಂಕ ಕೊಡಿ ಅಂದ್ರೆ ಒನ್‌ಲುಕ್‌ಗೆ 5ಕ್ಕೆ ನಾಲ್ಕೂವರೆ, ಆ ಅರ್ಧ ಕಳೆದಿದ್ದು ಚಿಹ್ನೆಗಳನ್ನ ಕಲೀದೇ ಇರೋರಿಗೆ ಅದ್ರ ಶಕ್ತಿ ಕಾಣೋದೇ ಇಲ್ಲ ಅಂತ. ಝಿಝಿವಾಗೆ ಸ್ಕ್ರಾಬಲ್ ಆಡೋರಾದ್ರೆ ಐದು, ಉಳಿದೋರಿಗೆ ಮೂರು. ಗ್ರೆಪ್ ಜೊತೆ ಎನೇಬಲ್ ಲಿಸ್ಟ್, ನನಗಂತೂ ಐದಕ್ಕೆ ಐದು. ಆ ಹೆಸರಿಲ್ಲದ ಆ್ಯಪ್‌ಗೆ ಒಂದು, ಅದೂ ಬೇಗ ತೆರ್ಕೊಳ್ಳುತ್ತೆ ಅನ್ನೋದಕ್ಕೆ.

ಮೊನ್ನೆ ಅವ್ಳು ಹೊಸದೊಂದು ಹಿಡ್ಕೊಂಡು ಬಂದ್ಲು, ಐದೂ ಸ್ವರ ಇರೋ ಪದ. ಎಜುಕೇಶನ್ ಅಂತ ತಾನೇ ಹೇಳಿದ್ಲು, ಸೆಕೋಯಾ ಅಂತ ನಾನು ಹೇಳ್ದೆ, ಏಳೇ ಅಕ್ಷರದಲ್ಲಿ ಐದು ಸ್ವರ. "ಎ, ಇ, ಐ, ಓ, ಯು ಇದೇ ಕ್ರಮದಲ್ಲಿ ಬರ್ಬೇಕು ಚಿಕ್ಕಮ್ಮಾ, ಆಮೇಲೆ ಕೊನೇಲಿ ವೈ ಕೂಡ ಬೇಕು" ಅಂದ್ಲು. ನಾನು ಕೀಬೋರ್ಡ್ ಅವ್ಳ ಕಡೆ ತಳ್ಳಿದೆ. ಶುರುವಲ್ಲಿ ಒಂದು ನಕ್ಷತ್ರ, ಆಮೇಲೆ ಒಂದೊಂದು ಸ್ವರದ ಮಧ್ಯೆ ನಕ್ಷತ್ರ ಹಾಕ್ತಾ ಹಾಕ್ತಾ ತಾನೇ ಟೈಪ್ ಮಾಡಿದ್ಲು, ವೈ ಆದ್ಮೇಲೆ ನಕ್ಷತ್ರ ಬೇಡ ಅಲ್ವಾ, ಅದೇ ಕೊನೇದಲ್ವಾ ಅಂತ ನನ್ನ ಮುಖ ನೋಡಿದ್ಲು, ಹೂಂ ಅಂದೆ. ಫೆಸೀಶಿಯಸ್ಲಿ ಬಂತು, ಆಬ್ಸ್‌ಟೀಮಿಯಸ್ಲಿ ಬಂತು. ಎರಡನ್ನೂ ಬೆರಳಿಟ್ಟು ಎ, ಇ, ಐ, ಓ, ಯು, ವೈ ಅಂತ ಎಣಿಸಿ ನೋಡಿ, ಎರಡನೇದರ ಅರ್ಥ ಏನು ಅಂತ ಲಿಂಕ್ ಒತ್ತಿದ್ಲು.